ಮೂರು ಮಿಲಿಮೀಟರಿನ ಧೈರ್ಯ

ಅಮೆರಿಕದ ಮಾಡೆಲ್ ಕಾರು ಪ್ರದರ್ಶನಗಳಲ್ಲಿ ಈಗ ಹಾಟ್ ರಾಡ್ ಮೇಜುಗಳ ಸುತ್ತ ಹೆಚ್ಚಾಗಿ ಕಾಣುವುದು ನರೆತ ತಲೆಗಳು. ಹತ್ತು ಹನ್ನೆರಡರ ವಯಸ್ಸಿನಲ್ಲಿ ಅಂಟು, ಬ್ಲೇಡು ಹಿಡಿದು ಕೂತವರು, ಹದಿನಾರಕ್ಕೆ ನಿಜವಾದ ಕಾರಿನ ಬೀಗದ ಕೈ ಸಿಕ್ಕೊಡನೆ ಎದ್ದುಹೋದವರು, ನೌಕರಿ ಸಂಸಾರಗಳೆಲ್ಲ ಒಂದು ದಡ ಸೇರಿದ ಮೇಲೆ ಮರಳಿ ಬಂದಿದ್ದಾರೆ. ಎಂಬತ್ತರ ದಶಕದಲ್ಲಿ ಡೆಟ್ರಾಯಿಟ್ ಬಳಿ ಓದುತ್ತಿದ್ದಾಗ ಈ ಹವ್ಯಾಸ ಹಚ್ಚಿಕೊಂಡು, ಆಮೇಲೆ ದೀರ್ಘಕಾಲ ಬಿಟ್ಟು, ಈಗ ಮತ್ತೆ ಅದೇ ಮೇಜಿಗೆ ಬಂದ ನಾನೂ ಅವರಲ್ಲೊಬ್ಬ. ಮರಳಿದವರು ಇಲ್ಲದಿದ್ದರೆ ಈ ಹವ್ಯಾಸ ಉಳಿಯುತ್ತಿರಲಿಲ್ಲ. ಆದರೆ ಮರಳಿದ ನಾವು ಇದನ್ನು ಯಾವ ರೂಪದಲ್ಲಿ ಉಳಿಸುತ್ತಿದ್ದೇವೆ ಎಂಬ ಲೆಕ್ಕವನ್ನು ಈಗಲಾದರೂ ತೆಗೆಯಬೇಕು.

ಹಾಟ್ ರಾಡ್ ಎಂದರೆ ಹಳೆಯ ಕಾರನ್ನು ಹಗುರ ಮಾಡಿ, ತಗ್ಗಿಸಿ, ಬಲವಾದ ಎಂಜಿನ್ ಕೂರಿಸಿದ ಗಾಡಿ. ಅದರ ತವರು ದಕ್ಷಿಣ ಕ್ಯಾಲಿಫೋರ್ನಿಯಾ. ಮ್ಯೂರಾಕ್, ಎಲ್ ಮಿರಾಜ್ ಎಂಬ ಬತ್ತಿದ ಸರೋವರಗಳ ಗಟ್ಟಿ ನೆಲದ ಮೇಲೆ 1930ರ ದಶಕದಲ್ಲಿ ಹುಡುಗರು ಫೋರ್ಡುಗಳ ಮಡ್‌ಗಾರ್ಡ್ ಕಿತ್ತೊಗೆದು ಓಡಿಸುತ್ತಿದ್ದರು. 1932ರಲ್ಲಿ ಫೋರ್ಡ್ ಕಂಪನಿ ಅಗ್ಗದ ಕಾರಿಗೆ ವಿ-8 ಎಂಜಿನ್ ಕೊಟ್ಟಿತು. ಅಂದಿಗೆ ಅದರ ಶಕ್ತಿ 65 ಅಶ್ವಬಲ. ಆ ವರ್ಷದ ಫೋರ್ಡಿಗೆ ‘ಡ್ಯೂಸ್’ ಎಂಬ ಅಡ್ಡಹೆಸರು ಬಿತ್ತು. ಹಾಟ್ ರಾಡಿನವರಿಗೆ ಇಂದಿಗೂ ಅದೇ ಕುಲದೇವತೆ.

ಎಎಂಟಿ ಕಂಪನಿ ಡ್ಯೂಸ್ ರೋಡ್‌ಸ್ಟರನ್ನು ಇಪ್ಪತ್ತೈದರಲ್ಲೊಂದು ಅಳತೆಯ ಕಿಟ್ ಆಗಿ ಹೊರತಂದದ್ದು 1959ರಲ್ಲಿ. ಅದಕ್ಕೆ ಒಂದು ವರ್ಷ ಮೊದಲೇ ಅವರು ‘ತ್ರೀ ಇನ್ ಒನ್’ ಪೆಟ್ಟಿಗೆಗಳನ್ನು ಶುರುಮಾಡಿದ್ದರು: ಒಂದೇ ಕಾರನ್ನು ಕಾರ್ಖಾನೆಯಿಂದ ಬಂದಂತೆ, ಅಲಂಕರಿಸಿ, ಇಲ್ಲವೇ ರೇಸಿಗೆ ಸಜ್ಜುಮಾಡಿ, ಹೀಗೆ ಮೂರು ಬಗೆಯಲ್ಲಿ ಕಟ್ಟಬಹುದು. ನನ್ನ ಮಟ್ಟಿಗೆ ಈ ಹವ್ಯಾಸದ ನಿಜವಾದ ಹುಟ್ಟು ಅಲ್ಲಿದೆ. ಪೆಟ್ಟಿಗೆಯಲ್ಲಿ ಉಳಿದುಹೋದ ಬಿಡಿಭಾಗಗಳು ಹುಡುಗನಿಗೆ ಕಲಿಸಿದ್ದು ಒಂದೇ ಮಾತು: ಈ ಕಾರು ಹೀಗೇ ಇರಬೇಕೆಂದಿಲ್ಲ, ನೀನೇ ತೀರ್ಮಾನಿಸು. ಕಾರುಗಳನ್ನು ತನ್ನದೇ ಕಲ್ಪನೆಯಲ್ಲಿ ಕಟ್ಟುತ್ತಿದ್ದ ಎಡ್ ರಾತ್‌ನ ಔಟ್‌ಲಾ, ಬೀಟ್ನಿಕ್ ಬ್ಯಾಂಡಿಟ್ ಗಾಡಿಗಳನ್ನು ರೆವೆಲ್ ಕಂಪನಿ 1960ರ ದಶಕದ ಆರಂಭದಲ್ಲಿ ಕಿಟ್ ಮಾಡಿದಾಗ ಆ ಸ್ವಾತಂತ್ರ್ಯ ಇನ್ನಷ್ಟು ಹಿಗ್ಗಿತು. ಆತನಿಗೆ ಪೆಟ್ಟಿಗೆಗೆ ಒಂದು ಸೆಂಟ್ ರಾಯಧನ ಸಿಗುತ್ತಿತ್ತಂತೆ. ಆತ ಕೊಟ್ಟದ್ದು ಅದಕ್ಕಿಂತ ಎಷ್ಟೋ ಪಾಲು ಹೆಚ್ಚು.

ಈ ಕಸುಬಿನ ಜೀವಾಳ ಯಾವುದೆಂದು ಯಾರಾದರೂ ಕೇಳಿದರೆ ನಾನು ‘ಚಾಪ್’ ತೋರಿಸುತ್ತೇನೆ. ನಿಜವಾದ ಕೂಪೆಯಲ್ಲಿ ಕಿಟಕಿಯ ಕಂಬಗಳಿಂದ ಮೂರು ಇಂಚು ಕತ್ತರಿಸಿ ತೆಗೆದು ಚಾವಣಿಯನ್ನು ತಗ್ಗಿಸುತ್ತಾರೆ. ನಮ್ಮ ಅಳತೆಯಲ್ಲಿ ಅದು ಮೂರು ಮಿಲಿಮೀಟರು. ಗರಗಸದ ಹಲ್ಲು ತಿನ್ನುವ ಪುಡಿಯನ್ನೂ ಆ ಮೂರರಲ್ಲೇ ಲೆಕ್ಕ ಹಿಡಿಯಬೇಕು. ಕಂಬಗಳಿಗೆ ಟೇಪು ಸುತ್ತಿ ಗೆರೆ ಎಳೆದು, ಒಂದೊಂದನ್ನೇ ನಿಧಾನವಾಗಿ ಕೊಯ್ದು, ಚಾವಣಿಯನ್ನು ಕೆಳಗಿಳಿಸಿದಾಗ ನಿಜವಾದ ತೊಡಕು ಎದುರಾಗುತ್ತದೆ. ಕಂಬಗಳು ಮೇಲೆ ಹೋದಂತೆ ಒಳಕ್ಕೆ ವಾಲಿರುವುದರಿಂದ ಕತ್ತರಿಸಿದ ತುದಿಗಳು ಒಂದಕ್ಕೊಂದು ಕೂಡುವುದಿಲ್ಲ. ಚಾವಣಿಯನ್ನೇ ಅಡ್ಡಕ್ಕೆ ಸೀಳಿ ನಡುವೆ ಸ್ಟೈರೀನ್ ಪ್ಲಾಸ್ಟಿಕ್ಕಿನ ಪಟ್ಟಿ ಸೇರಿಸಬೇಕು, ಇಲ್ಲವೇ ಮುಂದಿನ ಕಂಬಗಳನ್ನು ಹಿಂದಕ್ಕೆ ಬಾಗಿಸಬೇಕು. ಲಾಸ್ ಏಂಜಲೀಸಿನ ಗ್ಯಾರೇಜಿನಲ್ಲಿ ವೆಲ್ಡಿಂಗ್ ಮಾಡುತ್ತಿದ್ದವನಿಗೂ ಇದೇ ತೊಡಕು, ಇದೇ ಎರಡು ದಾರಿ. ಆತ ತಲೆಕೆಡಿಸಿಕೊಂಡ ಸಮಸ್ಯೆಯನ್ನೇ ಅಂಗೈಯಲ್ಲಿ ಹಿಡಿದು ಬಿಡಿಸುವ ಸುಖ ನನಗೆ ಬೇರೆ ಯಾವ ಹವ್ಯಾಸದಲ್ಲೂ ಸಿಕ್ಕಿಲ್ಲ.

ಮರಳಿ ಬಂದವರಿಗೆ ಅಟ್ಟದ ಮೇಲಿನ ಹಳೆಯ ಪೆಟ್ಟಿಗೆ ಬೇರೆ ಪಾಠ ಇಟ್ಟುಕೊಂಡಿರುತ್ತದೆ. ಟೈರುಗಳ ಮೆತ್ತನೆಯ ವಿನೈಲ್‌ನಿಂದ ಒಸರುವ ರಾಸಾಯನಿಕ ಚಕ್ರದ ಸ್ಟೈರೀನನ್ನು ವರ್ಷಗಳ ಕಾಲ ಕರಗಿಸುತ್ತಲೇ ಇರುತ್ತದೆ. ಟೈರು ತಾಗಿದಲ್ಲೆಲ್ಲ ಗುಳಿ. ಹಳದಿಗಟ್ಟಿದ ಡೆಕಾಲ್ ಹಾಳೆಯನ್ನು ಕಿಟಕಿಯ ಬಿಸಿಲಿಗೆ ಅಂಟಿಸಿಟ್ಟರೆ ಎಷ್ಟೋ ಬೆಳ್ಳಗಾಗುತ್ತದೆ. ಮಾಸಿದ ಕ್ರೋಮನ್ನು ಬಟ್ಟೆಯ ಬ್ಲೀಚಿನಲ್ಲಿ ನೆನೆಸಿ ತೆಗೆಯಬಹುದು.

ಕಂಪನಿಗಳ ಕಥೆ ಬೇಗ ಹೇಳಿ ಮುಗಿಸುತ್ತೇನೆ. ರೆವೆಲ್, ಮಾನೊಗ್ರಾಮ್ 1986ರಲ್ಲಿ ಒಂದಾದವು. 2007ರಲ್ಲಿ ಹಾಬಿಕೊ ಅವನ್ನು ಕೊಂಡಿತು. 2018ರಲ್ಲಿ ಹಾಬಿಕೊ ದಿವಾಳಿಯಾದಾಗ ರೆವೆಲ್ ಜರ್ಮನ್ ಒಡೆಯರ ಪಾಲಾಯಿತು. ಎಎಂಟಿ ಹೆಸರು ಲೆಸ್ನಿ, ಎರ್ಟ್ಲ್ ಕೈಗಳನ್ನು ದಾಟಿ ರೌಂಡ್ 2 ಎಂಬವರ ಬಳಿ ಇದೆ. ಒಡೆತನ ಎಷ್ಟು ಬದಲಾದರೂ ಹಲವು ಉಕ್ಕಿನ ಅಚ್ಚುಗಳು ಉಳಿದವು. ಅಜ್ಜ ಕಟ್ಟಿದ ಕಿಟ್ಟನ್ನೇ ಮೊಮ್ಮಗಳೂ ಕಟ್ಟಬಹುದು ಎಂಬುದು ಸಣ್ಣ ಸಂಗತಿಯಲ್ಲ.

ಈಗಿನ ಸವಲತ್ತು ನಿಜಕ್ಕೂ ದೊಡ್ಡದು. 3ಡಿ ಮುದ್ರಣದಲ್ಲಿ ಮೂರು ಕಾರ್ಬ್ಯುರೇಟರುಗಳ ಫ್ಲ್ಯಾಟ್‌ಹೆಡ್ ಎಂಜಿನ್ ಬೋಲ್ಟುಗಳ ತಲೆ ಸಮೇತ ಮನೆಗೆ ಬರುತ್ತದೆ. ಭೂತಗನ್ನಡಿ ತೊಟ್ಟ ಕಣ್ಣಿಗೂ ನಡುಗುವ ಕೈಗೂ ಇದು ವರವೇ, ಅಲ್ಲಗಳೆಯುವುದಿಲ್ಲ. ಆದರೆ ಮೇಜಿನ ಮೇಲೆ ನಾನು ಕಾಣುವ ಕಾರುಗಳಲ್ಲಿ ಕೊಂಡು ಕೂಡಿಸಿದ್ದು ಹೆಚ್ಚುತ್ತಿದೆ, ಕತ್ತರಿಸಿ ಮಾಡಿದ್ದು ಕಡಿಮೆಯಾಗುತ್ತಿದೆ. ನಿಖರತೆಯ ಹಟವೂ ಬೆಳೆದಿದೆ. ಕಾರ್ಖಾನೆಯ ಕಾರಿನ ತದ್ರೂಪಿಗೆ ನಿಖರತೆ ಸಲ್ಲುತ್ತದೆ. ಯಾರ ಮಾತನ್ನೂ ಕೇಳದ ಗಾಡಿಗೆ ಅದೇ ಕೊನೆಯ ಅಳತೆಗೋಲಾಗುವುದನ್ನು ನಾನು ಒಪ್ಪಲಾರೆ. ತೀರ್ಪುಗಾರರ ಅಂಕಪಟ್ಟಿ ಇಲ್ಲದೆ ಬಂದವರೇ ಮತ ಹಾಕುವ, ಟೊಲೀಡೊದಲ್ಲಿ ಶುರುವಾದ ಎನ್‌ಎನ್‌ಎಲ್ ಮಾದರಿಯ ಪ್ರದರ್ಶನಗಳು ನನಗೆ ಹೆಚ್ಚು ಇಷ್ಟವಾಗುವುದು ಇದಕ್ಕೇ.

ಇನ್ನೊಂದು ನೋವಿನ ಸಂಗತಿ, ಕಟ್ಟದೆ ಪೇರಿಸಿಟ್ಟ ಪೆಟ್ಟಿಗೆಗಳು. ನಿವೃತ್ತಿಗೆಂದು ಕೂಡಿಟ್ಟ ನೂರಾರು ಕಿಟ್ಟುಗಳನ್ನು ಗೆಳೆಯ ತೀರಿಕೊಂಡ ಮೇಲೆ ಮನೆಯವರು ಕ್ಲಬ್ಬಿನವರ ನೆರವಿನಿಂದ ಮಾರುವುದನ್ನು ನೋಡಿದ್ದೇನೆ. ಪ್ಲಾಸ್ಟಿಕ್ ಹೊದಿಕೆಯನ್ನೂ ಬಿಚ್ಚದ ಡ್ಯೂಸ್‌ಗಳು ಅದರಲ್ಲಿದ್ದವು. ಅವನ್ನು ಕೊಂಡವರೂ ನಮ್ಮ ವಯಸ್ಸಿನವರೇ, ಪೇರಿಸುವವರೇ.

ಮಕ್ಕಳಿಗಾಗಿ ಪ್ರದರ್ಶನಗಳಲ್ಲಿ ಒಂದು ಮೇಜು ಇಡುತ್ತಾರೆ. ಅಲ್ಲಿ ಕೊಡುವುದು ಅಂಟಿಲ್ಲದೆ ಒತ್ತಿದರೆ ಕೂರುವ ಕಿಟ್ಟು. ಅರ್ಧ ಗಂಟೆಯಲ್ಲಿ ಮುಗಿಯುತ್ತದೆ, ಮಗು ಖುಷಿಯಿಂದ ಒಯ್ಯುತ್ತದೆ. ಅದು ಇರಲಿ. ಅದರ ಪಕ್ಕದಲ್ಲಿ ಇನ್ನೊಂದು ಮೇಜು ಬೇಕು. ಅರೆಬರೆ ಕಟ್ಟಿದ, ಗುಳಿಬಿದ್ದ, ಭಾಗ ಕಳೆದುಕೊಂಡ ಕಾರುಗಳ ಡಬ್ಬಿ ನಮ್ಮೆಲ್ಲರ ಮನೆಯಲ್ಲೂ ಇದೆ. ಅದನ್ನು ತಂದು ಸುರಿಯೋಣ. ಹತ್ತು ದಾಟಿದ ಮಗುವಿಗೆ ಒಂದು ಸಣ್ಣ ಗರಗಸ, ಟೇಪು, ಕಣ್ಣಿಗೆ ಕನ್ನಡಕ ಕೊಟ್ಟು, ಬಳಿಯಲ್ಲಿ ಹಿರಿಯರೊಬ್ಬರು ಕೂತು, ಚಾವಣಿ ಎಷ್ಟು ತಗ್ಗಬೇಕೆಂದು ಆ ಮಗುವನ್ನೇ ಕೇಳಲಿ. ನಮ್ಮ ಕ್ಲಬ್ಬಿನ ಮುಂದಿನ ಸಭೆಯಲ್ಲಿ ನಾನು ಇದನ್ನು ಎತ್ತುತ್ತೇನೆ, ನನ್ನ ಡಬ್ಬಿಯನ್ನೂ ಒಯ್ಯುತ್ತೇನೆ.