ಚಿಕ್ಕ ಪವರ್‌ಹೌಸ್, ದೀಪ ಯಾರ ಮನೆಗೆ?

ಸಂಜೆ ಬೂವನಹಳ್ಳಿಯಲ್ಲಿ ಕರೆಂಟ್ ಹೋಯಿತೆನ್ನಿ. ಅಂಗಡಿಯವರು ಕ್ಯಾಂಡಲ್ ಹುಡುಕುತ್ತಾರೆ, ಬಸ್ಸಿಗೆ ಕಾದು ನಿಂತವರು ಸರ್ಕಾರವನ್ನು ಬೈಯುತ್ತಾರೆ. ಅಷ್ಟರಲ್ಲಿ ಯಾರಾದರೊಬ್ಬರು ಹೇಳೇ ಹೇಳುತ್ತಾರೆ: “ಸಕಲೇಶಪುರದ ಕಡೆ ಅಷ್ಟೊಂದು ಹಳ್ಳ ಹರೀತವೆ. ಅಲ್ಲಲ್ಲೇ ಒಂದೊಂದು ಚಿಕ್ಕ ಪವರ್‌ಹೌಸ್ ಕಟ್ಟೋಕೇನು ಧಾಡಿ?”

ಮಾತು ಸರಿ. ಆದರೆ ಚಿಕ್ಕದು ಅಂದರೆ ಎಷ್ಟು ಚಿಕ್ಕದು ಸ್ವಾಮಿ?

ನಮ್ಮ ದೇಶದ ಮೊದಲ ಜಲವಿದ್ಯುತ್ ಕೇಂದ್ರವೆಂದು ಹೆಸರಾದದ್ದು ಡಾರ್ಜಿಲಿಂಗ್ ಬಳಿಯ ಸಿದ್ರಾಪಾಂಗ್. ಶುರುವಾದದ್ದು 1897ರ ನವೆಂಬರ್ 10ರಂದು. ಬೆಟ್ಟದ ಝರಿಯ ನೀರನ್ನು ಕೆಳಕ್ಕಿಳಿಸಿ 65 ಕಿಲೋವ್ಯಾಟಿನ ಎರಡು ಯಂತ್ರ ತಿರುಗಿಸಿದರು. ಒಟ್ಟು 130 ಕಿಲೋವ್ಯಾಟ್, ಅಷ್ಟೇ. ಹತ್ತಿರದ ಹಳ್ಳದ ನೀರು, ಹತ್ತಿರದ ಊರಿನ ಬೀದಿ ದೀಪ. ಲೆಕ್ಕ ಚುಕ್ತಾ.

ಐದೇ ವರ್ಷಕ್ಕೆ, 1902ರಲ್ಲಿ, ನಮ್ಮ ಶಿವನಸಮುದ್ರ ಬಂತು. ಹೆಮ್ಮೆ ಪಡಬೇಕಾದದ್ದೇ, ಇಲ್ಲ ಅನ್ನೋಲ್ಲ. ಆದರೆ ಕರೆಂಟ್ ಮೊದಲು ಹೋದದ್ದೆಲ್ಲಿಗೆ? ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ! ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ಆ ಕಾವೇರಿಗೆ ನಮ್ಮ ಹೇಮಾವತಿಯ ನೀರೂ ಸೇರಿತ್ತು. ಹೇಮಾವತಿ ದಡದ ಹಳ್ಳಿಗಳಲ್ಲಿ ಮಾತ್ರ ಆಗ ಬುಡ್ಡಿ ದೀಪವೇ ಗತಿ.

ಈಗ ಸರ್ಕಾರದ ಲೆಕ್ಕ ನೋಡಿ. 25 ಮೆಗಾವ್ಯಾಟ್‌ವರೆಗಿನ ಜಲವಿದ್ಯುತ್ ಯೋಜನೆಯೆಲ್ಲ ‘ಸಣ್ಣದು’. ಅಂದರೆ ಸುಮಾರು 190 ಸಿದ್ರಾಪಾಂಗ್ ಸೇರಿದರೂ ಸಣ್ಣದೇ! ಅಷ್ಟು ದೊಡ್ಡ ಸಣ್ಣದಕ್ಕೆ ಘಾಟಿಯ ಕಾಡಿನಲ್ಲಿ ರಸ್ತೆ ಬೇಕು, ಒಡ್ಡು ಬೇಕು, ತಂತಿ ಎಳೆಯಬೇಕು. ಕಾಡು ತುಂಡಾದರೆ ಆನೆ ಗದ್ದೆಗೆ, ತೋಟಕ್ಕೆ ಇಳಿಯುತ್ತದೆ. ಪೆಟ್ಟು ತಿನ್ನುವವನು ಆಲೂರು, ಸಕಲೇಶಪುರದ ರೈತ. ಕರೆಂಟ್ ಮಾತ್ರ ಗ್ರಿಡ್ ಸೇರಿ ಎಲ್ಲೆಲ್ಲಿಗೋ ಹೋಗುತ್ತದೆ. ಸಾಲದ್ದಕ್ಕೆ, ನಮಗೆ ಕರೆಂಟ್ ಬೇಕೇ ಬೇಕಾದ ಬೇಸಿಗೆಯಲ್ಲಿ ಹಳ್ಳ ಸೊರಗಿ ಯಂತ್ರಕ್ಕೂ ನೀರಿರೋಲ್ಲ.

ಚಿಕ್ಕ ಪವರ್‌ಹೌಸ್ ಬೇಡವೆಂಬ ವಾದ ನಮ್ಮದಲ್ಲ. ನಿಜವಾಗಿ ಚಿಕ್ಕದಾಗಿರಲಿ, ಊರಿನದಾಗಿರಲಿ. ಪರವಾನಗಿ ಕೊಡುವ ಮುಂಚೆ ಗ್ರಾಮಸಭೆ ಕರೆದು ಎರಡೇ ಪ್ರಶ್ನೆಗೆ ಉತ್ತರ ಹೇಳಲಿ: ಹಳ್ಳದ ಪಕ್ಕದ ಹಳ್ಳಿಗೆ ಎಷ್ಟು ಕರೆಂಟ್? ಬೇಸಿಗೆಯಲ್ಲಿ ಹಳ್ಳಕ್ಕೆ ಎಷ್ಟು ನೀರು ಬಿಡ್ತೀರಿ?

ದೀಪದ ಬುಡದಲ್ಲಿ ಕತ್ತಲೆ ಅನ್ನೋದು ಗಾದೆ. ಅದನ್ನೇ ಸರ್ಕಾರದ ಸ್ಕೀಮು ಮಾಡೋದು ಬೇಡ.