ಮಾರಿ ನಮ್ಮದೇ ಇರ್ಲಿ

ಎಳ್ಳಮಾಸಿ ದಿನ ಹೊಲದಾಗ ಭಜ್ಜಿ ರೊಟ್ಟಿ ಉಣ್ಲಿಕ್ಕ ಕೂತಾಗ ನಮ್ಮ ವೈನಿ ಒಬ್ಬಾಕಿಗಿ ಎಲ್ಲಾರೂ ಒಂದೇ ಮಾತು ಕೇಳಿದ್ರು. "ಏನವ್ವ, ಈ ಸಲ ಬಾಳ ಆರಾಮ ಕಾಣ್ಲತ್ತಿದಿ, ನಿದ್ದಿ ಛಲೋ ಬರ್ಲತ್ತದೇನು?" ವೈನಿ ನಕ್ಕು ಅಂಬಲಿ ಗಿಂಡಿ ಮುಂದ ಸರಿಸಿದಳು. ರಾತ್ರಿ ಮಲಗಾಗ ನನಗೊಬ್ಬಾಕಿಗೇ ಕಿವಿ ಹಿಂದಿನ ಕೂದಲ ಸರಿಸಿ ತೋರಿಸಿದಳು. ದಾರದಂಥ ಒಂದು ಗೆರಿ. ಹೈದ್ರಾಬಾದಿನಾಗ ಮಾರಿ ಎತ್ತಿಸಿಕೊಂಡು, ಅಂದ್ರ ಫೇಸ್‌ಲಿಫ್ಟ್ ಮಾಡಿಸಿಕೊಂಡು, ಹತ್ತು ತಿಂಗಳಾಗಿತ್ತಂತ. (ಯಾವ ವೈನಿ ಅಂತ ಲೆಕ್ಕ ಹಾಕಬ್ಯಾಡ್ರಿ, ನನಗ ಏಳು ಮಂದಿ ವೈನಿದೇರು ಅದಾರ. ಬರೀಲಿಕ್ಕ ಅಕಿನೇ ಹೂಂ ಅಂದಾಳ.)

ಅದೇ ವರ್ಷ ಬೀದರದಾಗ ಒಂದು ಲಗ್ನದಾಗ ಇನ್ನೊಬ್ಬಾಕಿನ ನೋಡಿದ್ದೆ. ಬಾಯಿ ಎರಡೂ ಕಡಿ ಜಗ್ಗಿದಂಗ, ಕಿವಿ ಹಾಲಿ ಕೆಳಗ ಎಳದು ಕೆನ್ನಿಗಿ ಹೊಲದಂಗ. ಮಂದಿ ಅಕ್ಷತಾ ಹಾಕೋದು ಬಿಟ್ಟು ಅಕಿ ಮಾರಿನೇ ನೋಡ್ಲತ್ತಿದ್ರು. ನಾನೂ ನೋಡಿದೆ. ಬಾಜೂದಾಕಿ ಕಿವ್ಯಾಗ ಒಂದು ಮಾತು ಅಂದೆ, ಅದು ಅಕಿಗಿ ಕೇಳಿಸ್ತು. ಇವತ್ತು ಇದು ಬರೀಲತ್ತಿದ್ದು ಅದರ ಸಲೇಕೇ.

ನಮ್ಮೂರಾಗ ಈ ಮಾತು ಬಂದ್ರ ಮೊದಲ ಕೇಳೋದು, "ಮೊಮ್ಮಕ್ಕಳು ಬಂದ ಮ್ಯಾಲ ಇದೆಲ್ಲಾ ಯಾಕ ಬೇಕು?" ನನಗಿದು ಒಪ್ಪಂಗಿಲ್ಲ. ತಲಿಗಿ ಬಣ್ಣ ಹಚ್ಚತೀವಿ, ಹಲ್ಲು ಕಟ್ಟಿಸ್ತೀವಿ, ಮಣಕಾಲು ಬದಲಿ ಮಾಡಿಸ್ತೀವಿ. ತನ್ನ ರೊಕ್ಕ, ತನ್ನ ಮಾರಿ. ಇನ್ಶೂರೆನ್ಸ್‌ನವರಂತೂ ಛಂದಕ್ಕ ಪೈಸಾ ಕೊಡಂಗಿಲ್ಲ, ಅದು ಗೊತ್ತಿರ್ಲಿ. ನನ್ನ ತಕರಾರು ಬ್ಯಾರೆ. ಮಾಡಿಸಿಕೊಳ್ಳೋರು ದವಾಖಾನಿಗಿ ಹೋಗಿ "ಎಷ್ಟು ಸಣ್ಣ ವಯಸ್ಸು ಕಾಣ್ತೀನಿ?" ಅಂತ ಕೇಳ್ತಾರ. "ನಾನು ನಾನೇ ಕಾಣ್ತೀನೇನು?" ಅಂತ ಕೇಳಬೇಕು.

ಎಳದಂಗ ಕಾಣೋದು ಯಾಕಂದ್ರ, ಬರೇ ತೊಗಲು ಹಿಡದು ಹಿಂದಕ್ಕ ಜಗ್ಗಿ ಹೊಲಿಯೋದರಿಂದ. ತೊಗಲು ರಬ್ಬರಿನಂಥಾದ್ದು, ಮತ್ತ ಸಡಲ ಆಗ್ತದ, ಎಳತಕ್ಕ ಗಾಯದ ಗೆರಿ ಅಗಲ ಆಗ್ತದ. ಮೊದಲ ಬಾಳ ಮಟ್ಟಿಗಿ ಹಿಂಗೇ ಮಾಡ್ತಿದ್ರು. 1970ರ ದಶಕದಾಗ ಸ್ವೀಡನ್ನಿನ ಸರ್ಜನ್ ಸ್ಕೂಗ್ ತೊಗಲಿನ ಕೆಳಗಿನ ಪದರ ಎತ್ತೋದು ತೋರಿಸಿದ. 1976ರಾಗ ಫ್ರಾನ್ಸಿನ ಮಿಟ್ಜ್ ಮತ್ತ ಪೆರೋನಿ ಅನ್ನೋರು ಆ ಪದರ ಹ್ಯಾಂಗದ ಅಂತ ವಿವರಿಸಿದ್ರು. ಅದಕ್ಕ ಎಸ್‌ಎಮ್‌ಎಎಸ್ ಅಂತಾರ. ಈಗ ಭಾರ ಎಲ್ಲಾ ಆ ಪದರದ ಮ್ಯಾಲೆ ಹಾಕಿ, ಹಿಂದಕ್ಕ ಅಲ್ಲ, ಮ್ಯಾಲಕ್ಕ ಎತ್ತಿ ಹೊಲೀತಾರ. ತೊಗಲು ಮ್ಯಾಲಿಂದ ಸುಮ್ಮ ಹಾಸಿದಂಗ ಕೂಡಬೇಕು. ನಮ್ಮ ಕುಬಸದ ಲೆಕ್ಕನೇ. ಒಳಗಿನ ಅಸ್ತರ ಸರಿ ಕೂತ್ರ ಮ್ಯಾಲಿನ ಬಟ್ಟಿ ಜಗ್ಗೋದು ಬ್ಯಾಡ.

ಮತ್ತ ಇದು ಗದ್ದದ ಕೆಳಗಿನ ಜೋಲು, ಕೆನ್ನಿ ಇಳದಿದ್ದು, ಕುತ್ತಿಗಿ, ಇಷ್ಟಕ್ಕೇ. ಬಿಸಲಿಗಿ ಬಿದ್ದ ಕರಿ ಬಂಗು, ತುಟಿ ಮ್ಯಾಲಿನ ಸಣ್ಣ ಗೆರಿ ಇದರಿಂದ ಹೋಗಂಗಿಲ್ಲ. ವಯಸ್ಸಾದಂಗ ಮಾರ್‍ಯಾಗಿನ ಕೊಬ್ಬೂ ಕರಗಿರ್ತದ. ಅದು ತುಂಬದೇ ಬರೇ ಜಗ್ಗಿದ್ರ ಬುರುಡಿ ಕಾಣ್ತದ. ಅದಕ್ಕ ಕೆಲವರಿಗಿ ಹೊಟ್ಟಿ ಕೊಬ್ಬು ತಗದು ಸ್ವಲ್ಪ ತುಂಬ್ತಾರ. "ಸ್ವಲ್ಪ" ಅನ್ನೋದು ಇಲ್ಲಿ ದೊಡ್ಡ ಮಾತು.

ನಾವು ಕೇಳಬೇಕಾದ್ದು ಇನ್ನೊಂದದ, ಕಿವಿದು. ಗೆರಿ ಇರೋದು ಕಿವಿ ಮುಂದ, ಹಿಂದ, ಕೂದಲ ಅಂಚಿನಾಗ. ಕೂದಲ ಬಿಟಗೊಂಡು ತಿರಗೋರಿಗಿ ಅದು ಮುಚ್ಚತದ. ನಾವು ಎಣ್ಣಿ ಹಚ್ಚಿ ಬಿಗಿ ತುರುಬು ಕಟ್ಟೋರು, ಕಿವಿ ತುಂಬ ಬಂಗಾರ ಹಾಕೋರು. ತುರುಬು ಕಟ್ಟಿಕೊಂಡೇ ಡಾಕ್ಟರಿಗಿ ತೋರಿಸ್ರಿ, ವಾಲಿ ಹ್ಯಾಂಗ ಹಾಕತೀರಿ ಹೇಳ್ರಿ. ಕಿವಿ ತೂತು ಹರಿದು ಉದ್ದ ಆಗಿದ್ರ ಅದೂ ತೋರಿಸ್ರಿ. ನನ್ನ ಕೇಳಿದ್ರ ಬಾಳ ಮಂದಿಗಿ ಬರೇ ಆ ತೂತು ಹೊಲಿಸಿದ್ರೇ ಸಾಕು. ಸೂಜಿ ಕೊಟ್ಟು ಅಲ್ಲಿಂದಲ್ಲೇ ಮಾಡೋ ಸಣ್ಣ ಕೆಲಸ ಅದು. ನಮ್ಮಂಥ ಕಪ್ಪು ಬಣ್ಣದವರಿಗಿ ಗಾಯದ ಗೆರಿ ದಪ್ಪ ಆಗೋದು, ಕರ್‍ರಗ ಆಗೋದು ಹೆಚ್ಚು. ಮೊದಲೇ ಯಾವುದೋ ಗಾಯ ಉಬ್ಬಿ ನಿಂತಿದ್ರ ಮುಚ್ಚಿಡಬ್ಯಾಡ್ರಿ.

ತಂಬಾಕೂ ಮುಚ್ಚಿಡಬ್ಯಾಡ್ರಿ. ಡಾಕ್ಟರ "ಸಿಗರೇಟ್ ಸೇದ್ತೀರೇನು?" ಅಂತ ಕೇಳಿದ್ರ ನಾವು "ಅಯ್ಯ, ಇಲ್ಲ" ಅಂತೀವಿ. ಎಲಿ ಅಡಿಕಿ ಜೋಡಿ ತಂಬಾಕು, ಹಲ್ಲಿಗಿ ಮಿಶ್ರಿ, ಇವು ನಮ್ಮ ಲೆಕ್ಕಕ್ಕೇ ಬರಂಗಿಲ್ಲ. ನಿಕೋಟಿನ್ ಹ್ಯಾಂಗರ ಒಳಗ ಹೋಗ್ಲಿ, ಸಣ್ಣ ನರದಾಗ ರಕ್ತ ಹರಿಯೋದು ಕಮ್ಮಿ ಮಾಡ್ತದ. ಎತ್ತಿದ ತೊಗಲಿನ ಅಂಚು ಸತ್ತು ಕರ್‍ರಗ ಆಗಬಹುದು. ವಾರಗಟ್ಟಲೆ ಮೊದಲೇ ಬಿಡಬೇಕಾಗ್ತದ. ಬಿಪಿ ಗುಳಗಿ, ರಕ್ತ ತೆಳ್ಳಗ ಮಾಡೋ ಗುಳಗಿ ತಗೋತಿದ್ರ ಅದೂ ಹೇಳಬೇಕು.

ತೊಗಲಿನ ಕೆಳಗ ರಕ್ತ ಕೂಡೋ ಅಪಾಯ ಹೆಚ್ಚಿರೋದು ಮೊದಲಿನ 24 ತಾಸಿನಾಗ. ಹೈದ್ರಾಬಾದಿನಾಗ ಮುಂಜಾನಿ ಮಾಡಿಸಿ, ಸಂಜಿಕ ಜಹೀರಾಬಾದ ಮ್ಯಾಲಿಂದ ಬಸ್ಸು ಹಿಡದು ಕಮಠಾಣಕ್ಕ ಬರ್ತೀನಿ ಅನ್ನೋದು ಹುಚ್ಚತನ. ಎರಡು ಮೂರು ವಾರ ಬಾವು, ನೀಲಿ ಕಲೆ ಇರ್ತದ. ಕಿವಿ ಸುತ್ತ ತಿಂಗಳಗಟ್ಟಲೆ ಜೋಮು ಇರಬಹುದು. ಮಗಳ ಲಗ್ನಕ್ಕ ಹದಿನೈದು ದಿನ ಅದ ಅನ್ನೋವಾಗ ಹೋಗೋ ಕೆಲಸ ಅಲ್ಲ ಇದು.

ನನಗ ಎಲ್ಲಕಿಂತ ಅಂಜಿಕಿ ಕಳ್ಳತನದಲೇ ಹೋಗೋದರದ್ದು. 2022ರ ಮೇ ತಿಂಗಳಾಗ ಕನ್ನಡ ಧಾರಾವಾಹಿ ನಟಿ ಚೇತನಾ ರಾಜ್ ಬೆಂಗಳೂರಿನಾಗ ಬೊಜ್ಜು ತಗಸಲಿಕ್ಕ ಹೋಗಿ ತೀರಿಕೊಂಡಳು. 21 ವರ್ಷದ ಹುಡುಗಿ. ಅಪ್ಪ ಅವ್ವಗ ಹೇಳದೇ ಹೋಗಿದ್ದಳು ಅಂತ ಆಗ ಪೇಪರಿನಾಗ ಬಂದಿತ್ತು. ಅದು ಮಾರಿ ಅಪರೇಶನ್ ಅಲ್ಲ, ಖರೇ. ಆದ್ರ ಹೇಳಿದ್ರ ಮಂದಿ ನಗ್ತಾರ ಅಂತ ಹೇಳದೇ ಹೋಗೋದು ಅದೇ. ನಗೋ ಮಂದಿ ಯಾರು? ಲಗ್ನದಾಗ ನಕ್ಕಾಕಿ ನಾನೇ ಇದ್ದೆನಲ್ಲ. ಗುಟ್ಟಾಗಿ ಹೋಗೋರು ನಾಕು ಮಂದಿನ ಕೇಳಂಗಿಲ್ಲ, ಬೋರ್ಡು ಓದಂಗಿಲ್ಲ, ಸಸ್ತಾ ಇದ್ದಲ್ಲಿ ಕೂಡ್ತಾರ. ಪ್ಲಾಸ್ಟಿಕ್ ಸರ್ಜರಿದಾಗ ಎಂಸಿಎಚ್ ಇಲ್ಲ ಡಿಎನ್‌ಬಿ ಓದ್ಯಾರೇನು, ಅರವಳಿಕಿ ಡಾಕ್ಟರ ಬ್ಯಾರೆ ಇರ್ತಾರೇನು, ಇಷ್ಟು ಕೇಳಲಿಕ್ಕ ಜೋಡಿ ಒಬ್ಬರು ಬೇಕು. ಮಾಡಿಸಿಕೊಂಡೋರ ಫೋಟೋ ಕೇಳ್ರಿ. ವಾರದ್ದಲ್ಲ, ವರ್ಷ ಆದ ಮ್ಯಾಲಿಂದು, ನಿಮ್ಮ ವಯಸ್ಸಿನವರದ್ದು.

ವೈನಿ ತನ್ನ ನಾಲ್ವತ್ತರ ವಯಸ್ಸಿನ ಫೋಟೋ ಒಯ್ದಿದ್ದಳಂತ, ಹೀರೋಯಿನ್ನಿಂದಲ್ಲ. ನಕ್ಕಾಗ ಮೂಗಿನ ಬಾಜೂಕ ಬೀಳೋ ಗೆರಿನೂ ಪೂರಾ ತಗೀರಿ ಅಂದ್ರ ಡಾಕ್ಟರ ಒಲ್ಲೆ ಅಂದ್ರಂತ. ಆಗ ಅಕಿಗಿ ಸಿಟ್ಟು ಬಂದಿತ್ತು. ಈಗ ಭಜ್ಜಿ ಉಣ್ಣಾಗ ನಕ್ಕಳಲ್ಲ, ಆ ಗೆರಿ ಬಿತ್ತು, ಅದಕ್ಕೇ ಯಾರಿಗೂ ಗೊತ್ತಾಗಲಿಲ್ಲ.

ಲಗ್ನದಾಗ ನೋಡಿದಾಕಿಗಿ ಮೊನ್ನಿ ಫೋನ್ ಹಚ್ಚಿದೆ. ಎರಡು ಸಲ ಎತ್ತಲಿಲ್ಲ. ಮೂರನೇ ಸಲ ಎತ್ತಿದಳು. ತಪ್ಪಾಯ್ತವ್ವ ಅಂದೆ. ಜರಾ ಹೊತ್ತು ಸುಮ್ಮ ಇದ್ದು, "ಈ ಕಿವಿ ಹಾಲಿ ಸರಿ ಆಗ್ತದೇನು?" ಅಂತ ಕೇಳಿದಳು. ಬಿಡಿಸಿ ಹೊಲೀಲಿಕ್ಕ ಬರ್ತದಂತ, ಆದ್ರ ಮೊದಲಿನ ಗಾಯ ಮೆತ್ತಗ ಆಗೋತನಕ ತಡೀಬೇಕಂತ. ವೈನಿ ನಂಬರ ಕೊಟ್ಟೀನಿ. ಬರೋ ಐತಾರ ಮೂವರೂ ನಮ್ಮ ಮನ್ಯಾಗೇ ಕೂಡ್ತೀವಿ.