ಬರ್ಮಾದ ಬಂದೂಕು, ಬಂಟ್ವಾಳದ ಚಾಲಿ

ಬರ್ಮಾ ಅಡಿಕೆ ಕಳ್ಳದಾರಿಯಲ್ಲಿ ನುಗ್ಗಿ ಚಾಲಿ (ಒಣ ಅಡಿಕೆ) ದರ ಕೆಡಿಸುತ್ತದೆಂಬುದು ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಬೆಳೆಗಾರರ ದೂರು. 2023ರಲ್ಲಿ ಕೇಂದ್ರ ಕನಿಷ್ಠ ಆಮದು ಬೆಲೆಯನ್ನು ಕಿಲೋಗೆ 351 ರೂಪಾಯಿಗೆ ಏರಿಸಿತು. ಕಳ್ಳಮಾಲಿಗೆ ಅದ್ಯಾವ ಲೆಕ್ಕ? ಆ ಮಾಲು ಬರುವ ಬರ್ಮಾದಲ್ಲಿ 2021ರ ಫೆಬ್ರವರಿ 1ರಂದು ಸೇನೆ ಚುನಾಯಿತ ಸರ್ಕಾರವನ್ನು ಉರುಳಿಸಿತು. ಜೂನ್‌ನಲ್ಲಿ ವಿಶ್ವಸಂಸ್ಥೆಯ ಮಹಾಸಭೆಯಲ್ಲಿ 119 ದೇಶಗಳು ಅದನ್ನು ಖಂಡಿಸಿದಾಗ ತಟಸ್ಥವಾಗುಳಿದ 36ರಲ್ಲಿ ಭಾರತವೂ ಇತ್ತು.

ಈಶಾನ್ಯದ ಬಂಡುಕೋರರನ್ನು ಹತ್ತಿಕ್ಕಲು, ಚೀನಾವನ್ನು ದೂರವಿಡಲು ಆ ಸೇನೆಯ ಸ್ನೇಹ ಬೇಕೆನ್ನುವವರಿದ್ದಾರೆ. ತಳ್ಳಿಹಾಕುವ ವಾದವೇನಲ್ಲ. ಆದರೆ 2023ರ ನವೆಂಬರ್‌ನಲ್ಲಿ ಮಿಜೋರಾಂ ಎದುರಿನ ರಿಖಾವ್ದಾರ್ ಪಟ್ಟಣ ಸೇನಾವಿರೋಧಿ ಚಿನ್ ಹೋರಾಟಗಾರರ ವಶವಾದಾಗ ಬರ್ಮಾ ಸೈನಿಕರೇ ಓಡಿಬಂದು ನಮ್ಮ ಪೊಲೀಸರಿಗೆ ಶರಣಾದರು. ತನ್ನ ಠಾಣೆಯನ್ನೇ ಕಾಯಲಾರದ ಸೇನೆ ನಮ್ಮ ಗಡಿ ಕಾದೀತೇ? ಕಳ್ಳಸಾಗಣೆ ಕ್ಷಿಪ್ರಕ್ರಾಂತಿಗೂ ಮೊದಲೇ ಇತ್ತು, ನಿಜ. ಈಗ ತಡೆಯಿರೆಂದು ಕೇಳಲು ಆಚೆ ಬದಿಯಲ್ಲಿ ನೆಟ್ಟಗಿನ ಸರ್ಕಾರವೇ ಇಲ್ಲ. ದೆಹಲಿ ಇನ್ನಾದರೂ ಪದಚ್ಯುತ ಜನಪ್ರತಿನಿಧಿಗಳ ಜೊತೆಗೂ ಬಹಿರಂಗವಾಗಿ ಮಾತಾಡಲಿ.